ಕೊಳೆಗೂ ಕೊಲೆಗೂ ಭೇದ ತಿಳಿಯದ ಫಿಲ್ಟರ್: ಆಟದ ಚಾಟ್‌ನಲ್ಲಿ ಕನ್ನಡಕ್ಕೆ ನ್ಯಾಯ ಸಿಗಬೇಕಾದರೆ

ಆಷಾಢದ ಮಳೆಯಲ್ಲಿ ತೀರ್ಥಹಳ್ಳಿ, ಕೊಪ್ಪ, ಹೊಸನಗರದ ಹುಡುಗರು ಸ್ಕ್ವಾಡ್ ಕಟ್ಟಿಕೊಂಡು ಮೊಬೈಲಿನಲ್ಲಿ ಆಡುವಾಗ ಚಾಟ್‌ನಲ್ಲಿ ಬರುವುದು ಆಟದ ಮಾತಷ್ಟೇ ಅಲ್ಲ. ಲಾಬಿಯಲ್ಲಿ ಕಾಯುತ್ತಾ ಒಬ್ಬ ಬರೆಯುತ್ತಾನೆ: ‘ನಮ್ ತೋಟಕ್ಕೂ ಕೊಳೆ ಬಂತು ಮಾರಾಯ, ಅಪ್ಪ ನಾಳೆ ಹೊಡಿಸ್ತಾರೆ.’ ಅಡಿಕೆಗೆ ಕೊಳೆ ರೋಗ ತಗುಲಿದೆ, ನಾಳೆ ಬೋರ್ಡೋ ದ್ರಾವಣ ಹೊಡೆಸುತ್ತಾರೆ ಎಂಬುದನ್ನು ಮಲೆನಾಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಆತ ಬರೆದದ್ದು ಇಂಗ್ಲಿಷ್ ಅಕ್ಷರಗಳಲ್ಲಿ. ಅಲ್ಲಿ ಲ ಮತ್ತು ಳ ಎರಡಕ್ಕೂ ಒಂದೇ ‘ಎಲ್’. ಕೊಳೆ ಕೊಲೆಯಾಗುತ್ತದೆ, ಅದೇ ಸಾಲಿನಲ್ಲಿ ‘ಹೊಡಿಸ್ತಾರೆ’ ಬೇರೆ ಇದೆ. ಚಾಟ್‌ನಲ್ಲಿ ಕೆಟ್ಟ ಮಾತು ತಡೆಯಲು ಕೂರಿಸಿದ ಫಿಲ್ಟರ್‌ಗೆ, ಅಂದರೆ ಶಬ್ದ ನೋಡಿ ಅಪಾಯ ಅಳೆಯುವ ಯಂತ್ರಕ್ಕೆ, ಇದು ಬೆದರಿಕೆಯ ಹಾಗೆ ಕಂಡರೆ ಆಶ್ಚರ್ಯವಿಲ್ಲ.

ಇದೇ ಯಂತ್ರ ಇನ್ನೊಂದು ಕಡೆ ಏನು ಮಾಡುತ್ತದೆ ನೋಡಿ. ಆಡಲು ಬಂದ ಹುಡುಗಿಗೆ ‘ಹೋಗಮ್ಮ, ಅನ್ನಕ್ಕಿಡು ಹೋಗು’ ಅನ್ನುವುದು, ಊರು ಕೇಳಿ ಜಾತಿ ಕೆದಕಿ ‘ನಿಮ್ಮೋರ ಬುದ್ಧೀನೇ ಇಷ್ಟು’ ಅನ್ನುವುದು, ಇವೆಲ್ಲ ಸಲೀಸಾಗಿ ದಾಟಿ ಹೋಗುತ್ತವೆ. ಅವುಗಳಲ್ಲಿ ಪಟ್ಟಿಗೆ ಸಿಗುವಂಥ ಕೆಟ್ಟ ಶಬ್ದ ಒಂದೂ ಇಲ್ಲ. ಹೀಗಾಗಿ ಫಿಲ್ಟರ್ ಬಿಗಿ ಮಾಡಬೇಕೋ ಸಡಿಲ ಮಾಡಬೇಕೋ ಎಂಬ ಚರ್ಚೆಯಿಂದ ಕನ್ನಡಿಗರಿಗೆ ಏನೂ ದಕ್ಕುವುದಿಲ್ಲ. ಭಾಷೆ ಬಾರದ ಯಂತ್ರವನ್ನು ಬಿಗಿ ಮಾಡಿದರೆ ತೋಟದ ಮಾತಾಡಿದವನು ಮ್ಯೂಟ್ ಆಗುತ್ತಾನೆ, ಸಡಿಲ ಮಾಡಿದರೆ ಆ ಹುಡುಗಿ ಆಟವನ್ನೇ ಬಿಡುತ್ತಾಳೆ. ಬೇಕಾದದ್ದು ಎರಡು. ಯಂತ್ರದ ತಪ್ಪನ್ನು ಕನ್ನಡಕ್ಕೇ ಬೇರೆಯಾಗಿ ಅಳೆಯಬೇಕು. ಆ ಅಳತೆ ಎಷ್ಟು ನಂಬಿಕೆ ಕೊಡುತ್ತದೋ ಅಷ್ಟೇ ಶಿಕ್ಷೆಯ ಅಧಿಕಾರವನ್ನು ಯಂತ್ರಕ್ಕೆ ಕೊಡಬೇಕು.

ಶಬ್ದಪಟ್ಟಿ ಎಲ್ಲಿ ಎಡವುತ್ತದೆ

ಆಟದ ಚಾಟ್ ಕಾಯುವ ವ್ಯವಸ್ಥೆ ಸಾಮಾನ್ಯವಾಗಿ ಮೂರು ಪದರದ್ದು. ಮೊದಲು ನಿಷೇಧಿತ ಶಬ್ದಗಳ ಪಟ್ಟಿ. ಅದರ ಮೇಲೆ, ಉದಾಹರಣೆಗಳಿಂದ ಕಲಿತು ಪ್ರತಿ ಸಂದೇಶಕ್ಕೂ ಅದು ಎಷ್ಟು ಕೆಟ್ಟದ್ದೆಂದು ಸೊನ್ನೆಯಿಂದ ಒಂದರವರೆಗೆ ಅಂಕ ಕೊಡುವ ಮಾದರಿ. ಕೊನೆಗೆ ಆಟಗಾರರೇ ಕಳಿಸುವ ರಿಪೋರ್ಟ್‌ಗಳು. ಧ್ವನಿ ಚಾಟ್ ಇದ್ದರೆ ಮಾತನ್ನು ಅಕ್ಷರಕ್ಕಿಳಿಸುವ ಹಂತವೊಂದು ಸೇರುತ್ತದೆ, ಆ ಹಂತದ ತಪ್ಪೂ ಮುಂದಿನದಕ್ಕೆ ಕೂಡಿಕೊಳ್ಳುತ್ತದೆ.

ಪಟ್ಟಿಯ ತೊಂದರೆ ಹಳೆಯದು. 1996ರಲ್ಲಿ ಇಂಗ್ಲೆಂಡಿನ ಸ್ಕಂಥೋರ್ಪ್ ಊರಿನವರಿಗೆ ಅಂತರ್ಜಾಲ ಸೇವೆ ಕೊಡುವ ಕಂಪನಿ ಎಓಎಲ್‌ನಲ್ಲಿ ಖಾತೆ ತೆರೆಯಲಾಗಲಿಲ್ಲ, ಏಕೆಂದರೆ ಊರಿನ ಹೆಸರಿನ ನಡುವೆ ನಾಲ್ಕಕ್ಷರದ ಅಶ್ಲೀಲ ಶಬ್ದವೊಂದು ಅಡಗಿತ್ತು. ನಮ್ಮಲ್ಲಿ ಆ ಪೈಕಿ ಹೆಸರುಗಳು ಬೇಕಾದಷ್ಟಿವೆ. ರಕ್ಷಿತಾ, ಹರ್ಷಿತಾ, ದೀಕ್ಷಿತ್ ಇವುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಎಸ್, ಎಚ್, ಐ, ಟಿ ಸಾಲಾಗಿ ಬರುತ್ತವೆ. ‘ಸುರಕ್ಷಿತ’ ಎಂಬ ಮಾತಿಗೂ ಅದೇ ಗತಿ. ಹಾಸನವನ್ನು ಇಂಗ್ಲಿಷಿನಲ್ಲಿ ಬರೆಯುವ ರೀತಿಯಲ್ಲಿ ಎ, ಎಸ್, ಎಸ್ ಇದೆ. ಅಕ್ಷರಗಳ ನಡುವೆ ಜಾಗ ಬಿಟ್ಟು ಬೈಯುವವರನ್ನು ಹಿಡಿಯಲು ಕೆಲವು ಫಿಲ್ಟರ್‌ಗಳು ಜಾಗವನ್ನೆಲ್ಲ ತೆಗೆದು ಓದುತ್ತವೆ. ಆಗ ಆಟದಲ್ಲಿ ದಿನಬಳಕೆಯ ‘ಪುಶ್ ಇಟ್’, ‘ಫಿನಿಶ್ ಇಟ್’ ಕೂಡ ಸಿಕ್ಕಿಬೀಳುತ್ತವೆ. ರೋಬ್ಲಾಕ್ಸ್‌ನಂಥ ಆಟದಲ್ಲಿ ತಡೆದ ಮಾತಿನ ಜಾಗದಲ್ಲಿ ಹ್ಯಾಶ್ ಗುರುತುಗಳು ಕಾಣುತ್ತವೆ. ತನ್ನ ಹೆಸರೇ ಹಾಗೆ ಕಂಡರೆ ಒಂಬತ್ತು ವರ್ಷದ ಹರ್ಷಿತಾಗೆ ಏನನ್ನಿಸೀತು ಎಂದು ಪಟ್ಟಿ ಮಾಡುವವರು ಯೋಚಿಸಬೇಕು.

ಕನ್ನಡ ಲಿಪಿಯಲ್ಲೇ ಬರೆದರೆ ಈ ಕಾಟ ತಪ್ಪೀತು ಎಂದುಕೊಳ್ಳುವಂತಿಲ್ಲ. ಇಲ್ಲಿ ತಪ್ಪು ಇನ್ನೂ ಆಳದಲ್ಲಿದೆ, ಅದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಪಟ್ಟಿಯ ಶಬ್ದ ಇಡಿಯಾಗಿ ಬಂದಾಗ ಮಾತ್ರ ಹಿಡಿಯಲಿ, ಬೇರೆ ಪದದ ಒಳಗಿದ್ದರೆ ಬಿಡಲಿ ಎಂದು ಪ್ರೋಗ್ರಾಮರ್ ‘ಪದದ ಗಡಿ’ ಎಂಬ ಷರತ್ತು ಹಾಕುತ್ತಾನೆ. ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ ಜೊತೆಗೇ ಬರುವ ರೆಗೆಕ್ಸ್ (ಪಠ್ಯದಲ್ಲಿ ಶಬ್ದ ಹುಡುಕುವ) ಲೈಬ್ರರಿ ಕನ್ನಡದ ವ್ಯಂಜನ, ಸ್ವರಗಳನ್ನು ಪದದ ಅಕ್ಷರ ಎಂದು ಒಪ್ಪುತ್ತದೆ. ಕಾಗುಣಿತದ ಚಿಹ್ನೆಗಳನ್ನು, ಅರ್ಧಾಕ್ಷರದ ಚಿಹ್ನೆಯನ್ನು ಒಪ್ಪುವುದಿಲ್ಲ. ‘ಹಂದಿ’ ಎಂಬ ಬೈಗುಳ ಪಟ್ಟಿಯಲ್ಲಿದೆ ಎನ್ನಿ. ಅದು ಮುಗಿಯುವುದು ಗುಡಿಸಿನ ಚಿಹ್ನೆಯಲ್ಲಿ. ಅದರ ಮುಂದೆ ಖಾಲಿ ಜಾಗ ಬಂದರೆ, ಎರಡೂ ಪದದ ಅಕ್ಷರಗಳಲ್ಲವಾದ್ದರಿಂದ, ಅಲ್ಲಿ ಗಡಿಯೇ ಇಲ್ಲ ಎಂದು ಲೈಬ್ರರಿ ತೀರ್ಮಾನಿಸುತ್ತದೆ. ಮುಂದೆ ವ್ಯಂಜನ ಬಂದರೆ ಗಡಿ ಇದೆ ಎನ್ನುತ್ತದೆ. ಅಂದರೆ ‘ನೀನೊಂದು ಹಂದಿ ಕಣೋ’ ಎಂದು ಬೈದವನು ಪಾರು. ಸಾಗರದ ಹತ್ತಿರದ ‘ಹಂದಿಗೋಡು’ ನಮ್ಮೂರು ಎಂದವನು ಸಿಕ್ಕಿಬಿದ್ದ. ಆಗಬೇಕಾದದ್ದಕ್ಕೆ ಪೂರ್ತಿ ತಿರುವುಮುರುವು. ಇಂಗ್ಲಿಷ್ ಪಟ್ಟಿಗೆ ಬರೆದ ಕೋಡನ್ನು ಹಾಗೇ ಕನ್ನಡಕ್ಕೆ ಹಚ್ಚಿದರೆ ಆಗುವುದು ಇದು.

ಪರಿಹಾರ ಕಷ್ಟದ್ದಲ್ಲ. ಸಿದ್ಧ ಗಡಿಯನ್ನು ಬಿಟ್ಟು, ಶಬ್ದದ ಹಿಂದೆ ಮುಂದೆ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನ ಕನ್ನಡ ವಿಭಾಗದ (0C80ಯಿಂದ 0CFFವರೆಗೆ) ಯಾವ ಅಕ್ಷರವೂ ಇರಬಾರದು ಎಂದು ಬರೆಯಬೇಕು. ಅದಕ್ಕೂ ಮೊದಲು ಪಠ್ಯವನ್ನು ಒಂದೇ ರೂಪಕ್ಕೆ ತರಬೇಕು. ‘ಕೊ’ ಎಂಬುದನ್ನು ಕ ಮತ್ತು ಒತ್ವ ಎಂದು ಎರಡು ಸಂಕೇತದಲ್ಲಿ ಬರೆಯಬಹುದು, ಒತ್ವವನ್ನು ಎತ್ವ ಮತ್ತು ಊಕಾರದ ಚಿಹ್ನೆಯಾಗಿ ಒಡೆದು ಮೂರರಲ್ಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಎನ್ಎಫ್‌ಸಿ ಎಂಬ ಏಕರೂಪಗೊಳಿಸುವಿಕೆ ಇದನ್ನು ಸರಿಮಾಡುತ್ತದೆ. ಆದರೆ ‘ರಾಜ್‌ಕುಮಾರ್’ ಎನ್ನುವಲ್ಲಿ ಜ್ ಮತ್ತು ಕು ಒತ್ತಕ್ಷರವಾಗದಂತೆ ಹಾಕುವ ಕಾಣದ ಅಕ್ಷರವನ್ನು ಅದು ತೆಗೆಯುವುದಿಲ್ಲ. ಬೈಗುಳದ ನಡುವೆ ಅದನ್ನು ತೂರಿಸಿ ಪಟ್ಟಿಯನ್ನು ದಾಟುವವರಿದ್ದಾರೆ. ಹೋಲಿಸಿ ನೋಡುವ ಪ್ರತಿಯಿಂದ ಅದನ್ನು ತೆಗೆಯಬೇಕು, ಪರದೆಗೆ ಬರುವ ಪ್ರತಿಯಲ್ಲಿ ಮುಟ್ಟಬಾರದು. ಇಷ್ಟಾದ ಮೇಲೂ ವಿಭಕ್ತಿಯ ಕಾಟ ಉಳಿಯುತ್ತದೆ: ‘ಹಂದಿಗೆ’, ‘ಹಂದೀನೇ’, ‘ಹಂದಿಯಂಥವನು’ ಎಲ್ಲವೂ ಬೇರೆ ಬೇರೆ ಪದರೂಪ. ಪ್ರತಿ ಮೂಲಪದಕ್ಕೂ ಹತ್ತುವ ಪ್ರತ್ಯಯಗಳನ್ನು ಬರೆದಿಟ್ಟು, ಊರು ಮತ್ತು ಜನರ ಹೆಸರಿನ ವಿನಾಯಿತಿ ಪಟ್ಟಿಯನ್ನು ಜೊತೆಗಿಡಬೇಕು. ತಾಲ್ಲೂಕುವಾರು ಗ್ರಾಮಗಳ ಪಟ್ಟಿ ಜನಗಣತಿಯಲ್ಲಿ ಸಿಗುತ್ತದೆ.

ಕಲಿತ ಯಂತ್ರ ಏನನ್ನು ಕಲಿತಿಲ್ಲ

ಮಾದರಿಗಳು ತಮಗೆ ಕೊಟ್ಟ ಉದಾಹರಣೆಗಳಷ್ಟೇ ಬಲ್ಲವು. ಗೂಗಲ್‌ನ ಜಿಗ್‌ಸಾ ಘಟಕ 2017ರಲ್ಲಿ ಹೊರತಂದ ಪರ್ಸ್ಪೆಕ್ಟಿವ್ ಎಂಬ, ಮಾತು ಎಷ್ಟು ವಿಷದ್ದು ಎಂದು ಅಂಕ ಕೊಡುವ ಸಾಧನ ಹಲವು ಭಾಷೆಗಳಿಗೆ ಬೆಳೆಯಿತು. ಹಿಂದಿ ಬಂತು, ಇಂಗ್ಲಿಷ್ ಅಕ್ಷರದ ಹಿಂದಿಯೂ ಬಂತು, ಕನ್ನಡ ಬರಲಿಲ್ಲ. ಸಂಶೋಧಕರು 2020–21ರಲ್ಲಿ ಸಿದ್ಧಪಡಿಸಿ ಹಂಚಿದ ಕನ್ನಡ–ಇಂಗ್ಲಿಷ್ ಬೆರಕೆ ದತ್ತಾಂಶದಲ್ಲಿ ಇರುವುದು ಏಳೂವರೆ ಸಾವಿರ ಚಿಲ್ಲರೆ ಯೂಟ್ಯೂಬ್ ಕಾಮೆಂಟ್‌ಗಳು. ಆ ಕೆಲಸ ದೊಡ್ಡದು, ಅದಿಲ್ಲದಿದ್ದರೆ ಆರಂಭವೇ ಇರುತ್ತಿರಲಿಲ್ಲ. ಆದರೆ ಯೂಟ್ಯೂಬ್‌ನ ಕಾಮೆಂಟಿಗೂ ಆಟದ ಚಾಟಿಗೂ ದೂರ ಬಹಳ. ಶೂಟಿಂಗ್ ಆಟದಲ್ಲಿ ‘ತಲೆಗೆ ಹೊಡಿ’, ‘ಮನೆ ಒಳಗಿದಾನೆ, ಮುಗ್ಸು’, ‘ನಾನ್ ಸತ್ತೆ’ ಇವು ಕೆಲಸದ ಮಾತುಗಳು. ಯಾರು ಯಾರಿಗೆ ಹೇಳಿದರು, ಆ ಹೊತ್ತಿಗೆ ಆಟದಲ್ಲಿ ಏನಾಗುತ್ತಿತ್ತು ಎಂಬುದು ತಿಳಿಯದೆ ಒಂದೊಂದೇ ಸಾಲನ್ನು ತೂಗಿದರೆ ಇಡೀ ಆಟವೇ ಅಪರಾಧವಾಗಿ ಕಾಣುತ್ತದೆ. ಹಿಂದಿನ ಐದು ಹತ್ತು ಸಾಲು, ಹೇಳಿದ್ದು ಸ್ವಂತ ತಂಡಕ್ಕೋ ಎದುರಾಳಿಗೋ, ಪಂದ್ಯ ನಡೆಯುತ್ತಿದೆಯೋ ಮುಗಿದಿದೆಯೋ, ಈ ಮೂರನ್ನು ಮಾದರಿಗೆ ಕೊಡಲೇಬೇಕು. ಪಂದ್ಯ ಮುಗಿದ ಮೇಲೆ, ಸೋತವನ ಹೆಸರು ಹಿಡಿದು ಬರುವ ‘ಮನೆ ಎಲ್ಲಿ ಹೇಳು, ಬರ್ತೀನಿ’ ಎಂಬುದಕ್ಕೂ ಪಂದ್ಯದ ನಡುವಿನ ‘ಮನೆ ಒಳಗಿದಾನೆ’ಗೂ ಇರುವ ಅಂತರ ಶಬ್ದದಿಂದ ಗೊತ್ತಾಗುವುದಿಲ್ಲ.

ನಮ್ಮ ಆಡುಮಾತಿನ ಬನಿಯೂ ಯಂತ್ರಕ್ಕೆ ಮುಳುವೇ. ‘ಸಾಯ್ಲಿ ಬಿಡು ಅತ್ಲಾಗೆ’ ಎಂದರೆ ಹೋಗಲಿ ಬಿಡು ಎಂದಷ್ಟೇ. ‘ಎಲ್ಲಿ ಸತ್ತಿದ್ಯೋ ಮಾರಾಯ’ ಎಂದರೆ ಇಷ್ಟು ಹೊತ್ತು ಎಲ್ಲಿದ್ದೆ ಎಂಬ ಸಲಿಗೆ. ಕನ್ನಡ ಸಂದೇಶವನ್ನು ಮೊದಲು ಇಂಗ್ಲಿಷಿಗೆ ತರ್ಜುಮೆ ಮಾಡಿ, ಆ ತರ್ಜುಮೆಗೆ ಅಂಕ ಕೊಡುವ ಅಗ್ಗದ ದಾರಿ ಹಿಡಿದರೆ ಈ ಎರಡೂ ಸಾವಿನ ಹಾರೈಕೆಗಳಾಗುತ್ತವೆ. ‘ಮುಂಡೇದೆ’ ಎಂಬುದನ್ನು ಅಜ್ಜಿ ಮೊಮ್ಮಗನಿಗೆ ಮುದ್ದಿಗೂ ಅನ್ನುತ್ತಾಳೆ, ಅಪರಿಚಿತ ಹೆಣ್ಣುಮಗಳಿಗೆ ಅಂದರೆ ಅದು ಹಸಿ ಬೈಗುಳ. ಆದ್ದರಿಂದ ಮಾದರಿಗೆ ಕಲಿಸುವ ಉದಾಹರಣೆಗಳಿಗೆ ಸರಿ, ತಪ್ಪು ಎಂದು ಗುರುತು ಹಾಕುವವರಿಗೆ ‘ಈ ಶಬ್ದ ಕೆಟ್ಟದ್ದೋ’ ಎಂದು ಕೇಳಬಾರದು. ‘ಇದು ಯಾರನ್ನು ಗುರಿ ಮಾಡಿದೆ, ಅವರಿಗೆ ಆಟದಲ್ಲಿ ಉಳಿಯುವುದು ಕಷ್ಟವಾಗುತ್ತದೆಯೇ’ ಎಂದು ಕೇಳಬೇಕು.

ಇನ್ನೊಂದು ಬಗೆಯ ತಪ್ಪು ಇಂಗ್ಲಿಷಿನಲ್ಲೇ ಮೊದಲು ಬಯಲಾಯಿತು. ಅಂತರ್ಜಾಲದಲ್ಲಿ ಬೈಸಿಕೊಳ್ಳುವ ಸಮುದಾಯಗಳ ಹೆಸರು ಬೈಗುಳಗಳ ಜೊತೆಗೇ ಹೆಚ್ಚಾಗಿ ಕಂಡ ಮಾದರಿ, ಆ ಹೆಸರನ್ನೇ ಬೈಗುಳವೆಂದು ಕಲಿಯುತ್ತದೆ. ತಾನು ಸಲಿಂಗಿ ಎಂದಷ್ಟೇ ಹೇಳಿದ ವಾಕ್ಯಕ್ಕೂ ಹೆಚ್ಚು ವಿಷದ ಅಂಕ ಬೀಳುತ್ತಿದ್ದುದನ್ನು 2018ರಲ್ಲಿ ಗೂಗಲ್‌ನವರೇ ತೋರಿಸಿಕೊಟ್ಟರು. ಕಪ್ಪು ಅಮೆರಿಕನ್ನರ ಆಡುಮಾತಿನ ಟ್ವೀಟ್‌ಗಳನ್ನು ಮಾದರಿಗಳು ತಪ್ಪಾಗಿ ಹಿಡಿಯುವುದು ಹೆಚ್ಚು ಎಂಬುದನ್ನು 2019ರ ಅಧ್ಯಯನವೊಂದು ತೋರಿಸಿತು. ನಮ್ಮಲ್ಲಿ ಆ ಜಾಗದಲ್ಲಿರುವುದು ಜಾತಿ, ಧರ್ಮ, ಮತ್ತು ಪ್ರದೇಶದ ಕನ್ನಡ. ಪರೀಕ್ಷೆ ಸುಲಭ: ‘ನಾನು ಡ್ಯಾಶ್, ನಮ್ಮೂರು ಶಿಕಾರಿಪುರ’ ಎಂಬ ವಾಕ್ಯದ ಡ್ಯಾಶ್ ಜಾಗದಲ್ಲಿ ಲಂಬಾಣಿ, ಮುಸ್ಲಿಂ, ದೀವರು, ಲಿಂಗಾಯತ, ಬ್ರಾಹ್ಮಣ, ದಲಿತ ಹೀಗೆ ತುಂಬುತ್ತಾ ಹೋಗಿ. ಅಂಕ ಬದಲಾಗಬಾರದು. ಬದಲಾದರೆ ಆ ಮಾದರಿ ಚಾಟ್ ಕಾಯಲು ಇನ್ನೂ ಸಿದ್ಧವಿಲ್ಲ. ಒಂದೇ ಅರ್ಥದ ವಾಕ್ಯವನ್ನು ಶಿವಮೊಗ್ಗದ, ಕಲಬುರಗಿಯ, ಮಂಗಳೂರಿನ, ಹವ್ಯಕರ ಕನ್ನಡದಲ್ಲಿ ಬರೆದು ಮತ್ತೊಮ್ಮೆ ಇದೇ ಪರೀಕ್ಷೆ ಮಾಡಬೇಕು.

ಅಳೆಯುವುದು ಹೇಗೆ

‘ನಮ್ಮ ಮಾದರಿ 95 ಶೇಕಡಾ ನಿಖರ’ ಎಂಬ ಮಾತನ್ನು ಕೇಳಿದ ಕೂಡಲೇ ಒಪ್ಪಬೇಡಿ. ಒಂದು ಊಹೆಯ ಲೆಕ್ಕ ಹಾಕೋಣ. 10,000 ಸಂದೇಶದಲ್ಲಿ 200 ನಿಜವಾದ ನಿಂದನೆ, ಉಳಿದ 9,800 ಸಾದಾ ಮಾತು. ಮಾದರಿ ನಿಂದನೆಯಲ್ಲಿ 90 ಶೇಕಡಾ ಹಿಡಿದು, ಸಾದಾ ಮಾತಿನಲ್ಲಿ 5 ಶೇಕಡಾ ತಪ್ಪಾಗಿ ಹಿಡಿಯುತ್ತದೆ ಎನ್ನಿ. ಸಿಕ್ಕಿದ್ದು 180 ನಿಜ, 490 ಸುಳ್ಳು. ಹಿಡಿದ ನೂರರಲ್ಲಿ ನಿಜವಾದದ್ದು 27 ಮಾತ್ರ. ಕೇಳಲು ಚೆನ್ನಾಗಿರುವ ಅಂಕಿಯ ಸ್ಥಿತಿಯೇ ಇದು. ಕನ್ನಡದಲ್ಲಿ ಅದೇ ಮಾದರಿ 60 ಶೇಕಡಾ ಹಿಡಿದು 12 ಶೇಕಡಾ ತಪ್ಪಿದರೆ, ನಿಜ 120, ಸುಳ್ಳು 1,176. ಹಿಡಿದ ನೂರರಲ್ಲಿ ಒಂಬತ್ತು ಮಾತ್ರ ಸರಿ, ಜೊತೆಗೆ 80 ನಿಂದನೆ ದಾಟಿಹೋಗಿವೆ. ಒಟ್ಟು ಚಾಟ್‌ನಲ್ಲಿ ಕನ್ನಡದ ಪಾಲು ಸಣ್ಣದಿದ್ದರೆ ಈ ಎರಡನೇ ಲೆಕ್ಕ ಒಟ್ಟು ಸರಾಸರಿಯಲ್ಲಿ ಮುಳುಗಿಹೋಗುತ್ತದೆ, ಕಂಪನಿಯ ವರದಿಯಲ್ಲಿ ಕಾಣುವುದೇ ಇಲ್ಲ.

ಹಾಗಾಗಿ ಕನ್ನಡ ಲಿಪಿ, ಇಂಗ್ಲಿಷ್ ಅಕ್ಷರದ ಕನ್ನಡ, ಬೆರಕೆ ಕನ್ನಡ ಮೂರಕ್ಕೂ ಪ್ರತ್ಯೇಕವಾಗಿ ಎರಡು ದರ ಬೇಕು: ಸಾದಾ ಮಾತನ್ನು ತಪ್ಪಾಗಿ ಹಿಡಿದದ್ದು ಎಷ್ಟು, ನಿಂದನೆಯನ್ನು ಬಿಟ್ಟದ್ದು ಎಷ್ಟು. ಐದು ಶೇಕಡಾ ಆಸುಪಾಸಿನ ತಪ್ಪಿನ ದರವನ್ನು ಒಂದೂವರೆ ಶೇಕಡಾ ಆಚೀಚೆಯ ಭರವಸೆಯಲ್ಲಿ ಹೇಳಬೇಕಾದರೆ ಪ್ರತಿ ಗುಂಪಿಗೂ ಸುಮಾರು 800 ಸಾದಾ ಸಂದೇಶ ಬೇಕಾಗುತ್ತದೆ. ಮೂರು ಗುಂಪಿಗೆ 2,400. ದೊಡ್ಡ ಕಂಪನಿಯೊಂದಕ್ಕೆ ಇದು ದುಬಾರಿ ಕೆಲಸವಲ್ಲ. ನಿಂದನೆ ವಿರಳವಾದ್ದರಿಂದ ಅದರ ಉದಾಹರಣೆ ಕೂಡಿಸುವುದೇ ಕಷ್ಟ, ಬರೀ ರಿಪೋರ್ಟ್ ಆದ ಸಂದೇಶಗಳಿಂದ ಆಯ್ದರೆ ರಿಪೋರ್ಟ್ ಮಾಡದೆ ಸುಮ್ಮನಾದವರ ಅನುಭವ ತಪ್ಪಿಹೋಗುತ್ತದೆ. ರಿಪೋರ್ಟ್ ಆಗದ ಚಾಟ್‌ನಿಂದಲೂ ಯಾದೃಚ್ಛಿಕವಾಗಿ ಒಂದಷ್ಟು ತೆಗೆಯಲೇಬೇಕು, ಹೆಸರು, ಫೋನ್ ನಂಬರ್ ಅಳಿಸಿ.

ಪ್ರತಿ ಸಂದೇಶಕ್ಕೂ ಕನಿಷ್ಠ ಮೂವರು ಗುರುತು ಹಾಕಬೇಕು. ಮೂವರೂ ಬೆಂಗಳೂರಿನ ಒಂದೇ ಕಚೇರಿಯವರಾದರೆ ಪ್ರಯೋಜನ ಕಡಿಮೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಂಥ ಕಡೆ ಕನ್ನಡ ಓದುವ, ಆಟವನ್ನೂ ಆಡುವ ವಿದ್ಯಾರ್ಥಿಗಳಿದ್ದಾರೆ, ಅವರಿಗೆ ಸರಿಯಾದ ಸಂಭಾವನೆ ಕೊಟ್ಟು ಈ ಕೆಲಸ ಮಾಡಿಸಬಹುದು. ಅವರಲ್ಲಿ ಹೆಣ್ಣುಮಕ್ಕಳೂ ಬೇರೆ ಬೇರೆ ಸಮುದಾಯದವರೂ ಇರಬೇಕು. ಮೂವರಲ್ಲಿ ಇಬ್ಬರು ‘ಪರವಾಗಿಲ್ಲ’ ಎಂದು, ಆ ಮಾತು ಯಾರನ್ನು ಗುರಿ ಮಾಡಿದೆಯೋ ಆ ಸಮುದಾಯದ ಒಬ್ಬಳು ‘ಇದು ಚುಚ್ಚುಮಾತು’ ಎಂದರೆ ಬಹುಮತದ ಲೆಕ್ಕ ಹಾಕಿ ಅವಳ ಉತ್ತರವನ್ನು ಅಳಿಸಬಾರದು. ಭಿನ್ನಾಭಿಪ್ರಾಯವನ್ನು ಹಾಗೇ ದಾಖಲಿಸಿ, ಅಂಥ ಸಂದೇಶಗಳನ್ನು ‘ಮನುಷ್ಯರೇ ನೋಡಬೇಕು’ ಎಂಬ ಸಾಲಿಗೆ ಹಾಕಬೇಕು. ದಿನವಿಡೀ ಬೈಗುಳ ಓದುವ ಕೆಲಸ ಮನಸ್ಸನ್ನು ಹಿಂಡುತ್ತದೆ, ಪಾಳಿ ಚಿಕ್ಕದಿರಲಿ.

ಅಂಕಕ್ಕೆ ತಕ್ಕ ಶಿಕ್ಷೆ

ಮಾದರಿಯ ಅಂಕ ಒಂದು ಗೆರೆ ದಾಟಿದರೆ ಬ್ಯಾನ್, ಇಲ್ಲದಿದ್ದರೆ ಏನೂ ಇಲ್ಲ ಎಂಬ ವ್ಯವಸ್ಥೆ ಎಲ್ಲಕ್ಕಿಂತ ಕೆಟ್ಟದ್ದು. ಮೆಟ್ಟಿಲುಗಳು ಬೇಕು. ಕೆಳಗಿನ ಮೆಟ್ಟಿಲಲ್ಲಿ ಸಂದೇಶ ಓದುವವನ ಪರದೆಯಲ್ಲಿ ಮಸುಕಾಗಲಿ, ಬೇಕಿದ್ದರೆ ಒತ್ತಿ ಓದಲಿ. ಇದರಲ್ಲಿ ತಪ್ಪಾದರೂ ಯಾರಿಗೂ ದೊಡ್ಡ ನಷ್ಟವಿಲ್ಲ. ಅದರ ಮೇಲಿನದು, ಕಳಿಸುವ ಮುನ್ನ ‘ಇದನ್ನು ಕಳಿಸಬೇಕೇ’ ಎಂದು ಕನ್ನಡದಲ್ಲೇ ಕೇಳುವುದು. ಆಮೇಲೆ ಆ ಪಂದ್ಯಕ್ಕೆ ಮಾತ್ರ ಮ್ಯೂಟ್. ದಿನಗಟ್ಟಲೆಯ ನಿಷೇಧವನ್ನು ಕನ್ನಡ ಬಲ್ಲ ಮನುಷ್ಯರು ನೋಡಿದ ಮೇಲೆಯೇ ಕೊಡಬೇಕು. ಭಾಷೆ ಯಾವುದೆಂದೇ ಖಚಿತವಾಗದ ಸಂದೇಶಕ್ಕೆ (ಎರಡು ಮೂರು ಪದದ, ಇಂಗ್ಲಿಷ್ ಅಕ್ಷರದ ಸಾಲುಗಳಲ್ಲಿ ಇದು ಸದಾ ಆಗುವಂಥದ್ದು) ಮೊದಲ ಮೆಟ್ಟಿಲು ದಾಟುವ ಅಧಿಕಾರ ಯಂತ್ರಕ್ಕೆ ಇರಲೇಬಾರದು. ಮೆಟ್ಟಿಲುಗಳನ್ನು ಬಹಿರಂಗವಾಗಿ ಹೇಳುವುದು ಸಾಧ್ಯ ಎಂಬುದಕ್ಕೆ ಮೈಕ್ರೋಸಾಫ್ಟ್‌ನ ಆಟದ ವೇದಿಕೆ ಎಕ್ಸ್‌ಬಾಕ್ಸ್ 2023ರ ಆಗಸ್ಟ್‌ನಲ್ಲಿ ತಂದ ಸ್ಟ್ರೈಕ್ (ತಪ್ಪಿಗೆ ಬೀಳುವ ಗುರುತು) ಪದ್ಧತಿ ಸಾಕ್ಷಿ: ಎಂಟು ಸ್ಟ್ರೈಕ್‌ಗೆ ಒಂದು ವರ್ಷದ ಅಮಾನತು, ಪ್ರತಿ ಸ್ಟ್ರೈಕ್ ಆರು ತಿಂಗಳಿಗೆ ಅಳಿಯುತ್ತದೆ, ತನ್ನದು ಎಷ್ಟಾಗಿದೆ ಎಂದು ಆಟಗಾರ ನೋಡಿಕೊಳ್ಳಬಹುದು.

ರಿಪೋರ್ಟ್‌ಗಳನ್ನು ಎಣಿಸುವಲ್ಲೂ ಎಚ್ಚರ ಬೇಕು. ನಾಲ್ವರ ಸ್ಕ್ವಾಡ್‌ನಲ್ಲಿ ಮೂವರು ಒಂದೇ ಊರಿನ ಗೆಳೆಯರು, ನಾಲ್ಕನೆಯವನು ಕನ್ನಡದಲ್ಲಿ ಬರೆದ ಎಂದು ಸಿಟ್ಟಾಗಿ ಮೂವರೂ ರಿಪೋರ್ಟ್ ಒತ್ತಿದರೆ ಅದು ಮೂರು ದೂರು ಅಲ್ಲ, ಒಂದು. ಒಟ್ಟಿಗೆ ಆಡುವವರ ರಿಪೋರ್ಟ್‌ಗಳನ್ನು ಒಂದಾಗಿ ಎಣಿಸಬೇಕು.

ಮಲೆನಾಡಿಗೆ ಸೀದಾ ತಟ್ಟುವ ಸಂಗತಿ ಇನ್ನೊಂದಿದೆ. ಜೋರು ಮಳೆಗೆ ಕರೆಂಟ್ ಹೋಗುತ್ತದೆ, ಟವರ್‌ನ ಬ್ಯಾಟರಿ ಮುಗಿದರೆ ಸಿಗ್ನಲ್ಲೂ ಹೋಗುತ್ತದೆ. ಪಂದ್ಯದ ನಡುವೆ ಕಾಣೆಯಾದವನ ಮೇಲೆ ತಂಡದವರು ರಿಪೋರ್ಟ್ ಹಾಕುತ್ತಾರೆ. ಆಟ ಬಿಟ್ಟುಹೋದದ್ದು, ಮಾತಿನ ತಪ್ಪು ಎಲ್ಲವನ್ನೂ ಒಂದೇ ನಡತೆಯ ಅಂಕಕ್ಕೆ ಸುರಿದು, ಅಂಕ ಕಡಿಮೆ ಇದ್ದವರ ಚಾಟಿನ ಮೇಲೆ ಹೆಚ್ಚು ಅನುಮಾನ ಪಡುವ ವ್ಯವಸ್ಥೆಯಲ್ಲಿ, ಆಗುಂಬೆಯ ಮಳೆಯೇ ಆ ಹುಡುಗನ ಮಾತನ್ನು ಅಪರಾಧಿಯ ಮಾತಾಗಿಸುತ್ತದೆ. ಸಂಪರ್ಕ ಕಡಿತದ ದಾಖಲೆ ಬೇರೆ, ಮಾತಿನ ದಾಖಲೆ ಬೇರೆ ಇರಬೇಕು. ಒಂದರಿಂದ ಇನ್ನೊಂದಕ್ಕೆ ಅನುಮಾನ ಹರಿಯಬಾರದು.

ಮೇಲ್ಮನವಿಯ ದಾರಿ

ಆನ್‌ಲೈನ್ ಸೇವೆಗಳಿಗೆ ಕಟ್ಟುಪಾಡು ಹಾಕುವ ಯುರೋಪಿನ ಡಿಜಿಟಲ್ ಸರ್ವಿಸಸ್ ಆಕ್ಟ್ 2024ರ ಫೆಬ್ರುವರಿ 17ರಿಂದ ಪೂರ್ತಿಯಾಗಿ ಜಾರಿಯಲ್ಲಿದೆ. ಅದರ 17ನೇ ವಿಧಿಯ ಪ್ರಕಾರ ನಿರ್ಬಂಧಕ್ಕೆ ಕಾರಣ ಹೇಳಬೇಕು, ಯಂತ್ರ ಬಳಸಿದ್ದರೆ ಅದನ್ನೂ ತಿಳಿಸಬೇಕು. 20ನೇ ವಿಧಿಯ ಪ್ರಕಾರ ಪ್ಲಾಟ್‌ಫಾರಂಗಳು ದೂರನ್ನು ಬರೀ ಯಂತ್ರದಿಂದ ತೀರ್ಮಾನಿಸುವಂತಿಲ್ಲ. ನಮ್ಮ 2021ರ ಐಟಿ ನಿಯಮಗಳಲ್ಲೂ ಇದರ ಬೀಜ ಇದೆ. 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಸಾಮಾಜಿಕ ಜಾಲತಾಣಗಳು ಸ್ವಯಂಚಾಲಿತ ಸಾಧನ ಬಳಸಿದರೆ ಮನುಷ್ಯರ ಮೇಲುಸ್ತುವಾರಿ ಇರಬೇಕು, ಅವುಗಳ ನಿಖರತೆ, ನ್ಯಾಯ, ಪಕ್ಷಪಾತವನ್ನು ಆಗಾಗ ಪರಿಶೀಲಿಸಬೇಕು ಎಂದು ನಾಲ್ಕನೇ ನಿಯಮ ಹೇಳುತ್ತದೆ. ಬರೆದದ್ದು ಜಾಲತಾಣಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಆಟದ ಚಾಟಿಗೂ ಇದನ್ನು ಬಿಡಿಸಿ ಬರೆಯಬೇಕಾದ ಕಾಲ ಬಂದಿದೆ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಒತ್ತು ಹಣದಾಟದ ನಿಷೇಧದ ಮೇಲೆ, ಚಾಟಿನ ನ್ಯಾಯದ ಮೇಲಲ್ಲ.

ಅಷ್ಟರವರೆಗೆ ಆಟಗಾರರು ಮಾಡಬಹುದಾದದ್ದು ಇದೆ. ಮ್ಯೂಟ್ ಅಥವಾ ಬ್ಯಾನ್ ಆದ ಕೂಡಲೇ ಚಾಟ್‌ನ ಸ್ಕ್ರೀನ್‌ಶಾಟ್ ತೆಗೆಯಿರಿ, ತಡೆದ ಸಾಲಿನ ಹಿಂದಿನ ಮುಂದಿನ ಸಾಲುಗಳೂ ಅದರಲ್ಲಿರಲಿ. ಪಂದ್ಯದ ಐಡಿ, ದಿನಾಂಕ, ಸಮಯ ಬರೆದಿಟ್ಟುಕೊಳ್ಳಿ. ಮೇಲ್ಮನವಿಯಲ್ಲಿ ‘ನಾನೇನೂ ತಪ್ಪು ಮಾಡಿಲ್ಲ’ ಎಂದು ಬರೆದರೆ ಕೆಲಸ ಆಗುವುದಿಲ್ಲ, ಎಲ್ಲರೂ ಹಾಗೇ ಬರೆಯುತ್ತಾರೆ. ಆ ಸಾಲನ್ನು ಮೊದಲು ಕನ್ನಡ ಲಿಪಿಯಲ್ಲಿ ಬರೆಯಿರಿ, ಕೆಳಗೆ ಸರಳ ಇಂಗ್ಲಿಷಿನಲ್ಲಿ ಅದರ ಅರ್ಥ, ಅದರ ಕೆಳಗೆ ಅದನ್ನು ಯಾರಿಗೆ ಯಾವಾಗ ಹೇಳಿದ್ದು ಎಂಬುದು. ‘ಇಲ್ಲಿ ಕೊಳೆ ಎಂದರೆ ಅಡಿಕೆಗೆ ಬರುವ ಶಿಲೀಂಧ್ರ ರೋಗ, ಹೊಡೆಸುವುದು ಎಂದರೆ ಔಷಧಿ ಸಿಂಪಡಿಸುವುದು’ ಎಂಬಷ್ಟು ನೇರವಾಗಿರಲಿ. ಕನ್ನಡ ಬಲ್ಲವರೇ ಪರಿಶೀಲಿಸಬೇಕು ಎಂದು ಕೇಳಿ. ಉತ್ತರ ಬರದಿದ್ದರೆ ಕಂಪನಿ ಭಾರತಕ್ಕೆಂದು ನೇಮಿಸಿದ ದೂರು ಅಧಿಕಾರಿಗೆ ಇದನ್ನೇ ಮೇಲ್ ಮಾಡಿ. ದೂರು ತಲುಪಿದೆ ಎಂದು ಅವರು 24 ಗಂಟೆಯೊಳಗೆ ತಿಳಿಸಬೇಕು. 2021ರಲ್ಲಿ ನಿಯಮ ಬಂದಾಗ ಇತ್ಯರ್ಥಕ್ಕೆ 15 ದಿನದ ಗಡುವು ಇಡಲಾಗಿತ್ತು. ಅವರ ಉತ್ತರ ಒಪ್ಪಿಗೆಯಾಗದಿದ್ದರೆ, 2022ರ ತಿದ್ದುಪಡಿಯಿಂದ ಬಂದ ಕೇಂದ್ರದ ಮೇಲ್ಮನವಿ ಸಮಿತಿಗೆ 30 ದಿನದೊಳಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು.

ಕಂಪನಿಯ ಕಡೆಯಿಂದ ಆಗಬೇಕಾದದ್ದು, ಮೇಲ್ಮನವಿಯಲ್ಲಿ ಗೆದ್ದ ಪ್ರತಿ ಸಂದೇಶವೂ ‘ಇದು ತಪ್ಪಲ್ಲ’ ಎಂಬ ಗುರುತಿನೊಂದಿಗೆ ಕಲಿಕೆಯ ದತ್ತಾಂಶಕ್ಕೆ ಮರಳುವುದು, ಮತ್ತು ಯಾವ ಭಾಷೆಯಲ್ಲಿ ಎಷ್ಟು ಶಿಕ್ಷೆ ರದ್ದಾಯಿತು ಎಂದು ಮೂರು ತಿಂಗಳಿಗೊಮ್ಮೆ ಪ್ರಕಟಿಸುವುದು. ಕನ್ನಡದಲ್ಲಿ ರದ್ದತಿಯ ದರ ಇಂಗ್ಲಿಷಿಗಿಂತ ಬಹಳ ಹೆಚ್ಚಿದ್ದರೆ ಮರುದಿನವೇ ಕನ್ನಡದ ಸ್ವಯಂಚಾಲಿತ ಮ್ಯೂಟ್ ನಿಲ್ಲಿಸಿ, ಮಸುಕು ಮಾಡುವ ಮೆಟ್ಟಿಲಿಗೆ ಇಳಿಸಬೇಕು. ಆ ದರ ತೀರ ಕಡಿಮೆ ಇದ್ದರೂ ನೆಮ್ಮದಿಪಡುವ ಹಾಗಿಲ್ಲ. ಮೇಲ್ಮನವಿಯ ಫಾರಂ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಕನ್ನಡದವರು ಅರ್ಜಿಯನ್ನೇ ಹಾಕಿರುವುದಿಲ್ಲ. ರದ್ದಾದ ಶಿಕ್ಷೆಗಳ ಜೊತೆಗೆ, ಶಿಕ್ಷೆಯಾದವರಲ್ಲಿ ಎಷ್ಟು ಮಂದಿ ಮೇಲ್ಮನವಿ ಹಾಕಿದರು ಎಂಬ ಅಂಕಿಯೂ ಅದೇ ವರದಿಯಲ್ಲಿ ಇರಬೇಕು.